ವಶೀಲಿಗೆ ಇಂಗ್ಲಿಷ್ ಹೆಸರು

ಪದವಿಯ ಕೊನೆಯ ವರ್ಷ ನಮಗೊಂದು ಉಪನ್ಯಾಸ ಇತ್ತು. ಬಂದವರು ಬೆಂಗಳೂರಿನವರು, ಟೈ ಕಟ್ಟಿದವರು. ವಿಷಯ ನೆಟ್‌ವರ್ಕಿಂಗ್. ಯಾವ ಕಾಲೇಜು ಅಂತ ಹೇಳುವುದಿಲ್ಲ, ಇಂಥವರು ಎಲ್ಲ ಕಾಲೇಜಿಗೂ ಬರುತ್ತಾರೆ. ನಮ್ಮ ಕೈಗೆ ಒಂದೊಂದು ಖಾಲಿ ಹಾಳೆ ಕೊಟ್ಟು, "ನಿಮ್ಮ ತಂದೆಯ ಸ್ನೇಹಿತರು, ನೆಂಟರು, ಪರಿಚಯದವರು, ಇವರಲ್ಲಿ ನಿಮ್ಮ ಭವಿಷ್ಯಕ್ಕೆ ನೆರವಾಗಬಲ್ಲ ಹತ್ತು ಜನರ ಹೆಸರು ಬರೆಯಿರಿ, ಮುಂದೆ ಅವರ ಉದ್ಯೋಗ ಬರೆಯಿರಿ" ಅಂದರು. ಐದು ನಿಮಿಷ ಟೈಮು.

ನಮ್ಮ ಬೆಂಚಿನಲ್ಲಿ ನಾಲ್ಕು ಜನ. ನಮ್ಮ ಅಪ್ಪಂದಿರಿಗೆ ಸ್ನೇಹಿತರ ಬರ ಏನೂ ಇರಲಿಲ್ಲ. ಒಬ್ಬನ ಅಪ್ಪ ಅಮರಗೋಳ ಎಪಿಎಂಸಿಯಲ್ಲಿ ಹಮಾಲಿ. ಅವನು ತಲೆ ಬಗ್ಗಿಸಿ ಪ್ರಾಮಾಣಿಕವಾಗಿ ಹತ್ತೂ ಹೆಸರು ಬರೆದ. ಉದ್ಯೋಗದ ಸಾಲಿನಲ್ಲಿ ಹಮಾಲಿ, ಹಮಾಲಿ, ಹಮಾಲಿ, ತೂಕ ಮಾಡುವವ, ಮತ್ತೆ ಹಮಾಲಿ, ಚಹಾದ ಅಂಗಡಿ, ಹೀಗೇ ಕೊನೆತನಕ. ಟೈ ಕಟ್ಟಿದವರು ನೋಡಿ ನಕ್ಕು, "ಹೀಗಲ್ಲ ಅಪ್ಪಾ, ಸ್ವಲ್ಪ ಮೇಲಿನವರು ಬೇಕು" ಅಂದರು. "ಮೇಲಿನವರು ಅಂದ್ರ ಯಾರ‍್ರೀ ಸರ?" ಅಂತ ಅವ ಕೇಳಿದ. ಇಡೀ ಕ್ಲಾಸು ನಕ್ಕಿತು. ನಾವೂ ನಕ್ಕೆವು. ಆ ನಗೆ ಈಗಲೂ ನಮಗೆ ಚುಚ್ಚುತ್ತದೆ.

ಆ ಹಾಳೆಯನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ. ಕನ್ನಡದಲ್ಲಿ ಕವಿತೆಗೆ ವಿಮರ್ಶೆ ಉಂಟು, ಕಾದಂಬರಿಗೆ ಉಂಟು. ಇದು ಆ ಹಾಳೆಯ ವಿಮರ್ಶೆ ಅಂತ ತಿಳಿಯಿರಿ.

ನಮ್ಮ ಕಡೆ ಈ ವಿದ್ಯೆಗೆ ಮೊದಲಿನಿಂದಲೂ ಒಂದು ಹೆಸರಿದೆ, ವಶೀಲಿ. ವಶೀಲಿ ಇದ್ದವಗ ನೌಕರಿ, ಇಲ್ಲದವಗ ನಾಕಾಣೆ ಚಾ, ಅಂತ ನಮ್ಮ ಹಿರಿಯರು ಜೀವನಪೂರ್ತಿ ಬೈದರು. ಅವರು ಬೈದದ್ದನ್ನೇ ಈಗ ನಮಗೆ ಕೌಶಲ್ಯ ಅಂತ ಕಲಿಸುತ್ತಾರೆ. ವಶೀಲಿ ಅಂದರೆ ಮಾಡುವವನಿಗೂ ಒಂಚೂರು ನಾಚಿಕೆ ಇತ್ತು. ನೆಟ್‌ವರ್ಕ್ ಅಂದರೆ ನಾಚಿಕೆ ಇಲ್ಲ, ಮೇಲೆ ಸರ್ಟಿಫಿಕೇಟು ಬೇರೆ ಕೊಡುತ್ತಾರೆ. ಮೂರು ಪೀಳಿಗೆಯಿಂದ ಓದಿದ ಮನೆಯ ಹುಡುಗನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನ ಮನೆಯ ಮದುವೆಯ ಪಂಗತಿಯಲ್ಲೇ ಒಬ್ಬ ಡಾಕ್ಟರು, ಒಬ್ಬ ವಕೀಲರು, ಒಬ್ಬ ಬ್ಯಾಂಕಿನ ಮ್ಯಾನೇಜರು ಕೂತಿರುತ್ತಾರೆ. ಬಡಿಸುವಾಗಲೇ ಅವನ ಪರಿಚಯ ಮುಗಿದಿರುತ್ತದೆ. ಕಲಿಯಬೇಕಾದವರು ನಾವು, ನಮಗೆ ಕಲಿಸುವುದೋ ಪಟ್ಟಿ ಬರೆಯುವುದನ್ನು.

ಅಮೆರಿಕದಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಲೇಖನ ಬರೆದ. ಕೆಲಸ ಬದಲಿಸಿದ ಜನರನ್ನು ಮಾತನಾಡಿಸಿ ನೋಡಿದರೆ, ಹತ್ತಿರದ ಗೆಳೆಯರಿಗಿಂತ ಅಪರೂಪಕ್ಕೆ ಕಾಣುವ ಪರಿಚಯದವರಿಂದಲೇ ಹೆಚ್ಚಿನವರಿಗೆ ಕೆಲಸದ ಸುದ್ದಿ ಸಿಕ್ಕಿತ್ತು. ಹತ್ತಿರದವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ದೂರದವರಿಂದಲೇ ಬರಬೇಕು ಎಂಬುದು ಅವನ ತರ್ಕ. ತರ್ಕ ಸರಿ ಇದೆ. ಇವತ್ತು ಕಾಲೇಜುಗಳಲ್ಲಿ ಉಪನ್ಯಾಸ ಕೊಡುವವರು, ಅವನ ಹೆಸರು ಗೊತ್ತಿರಲಿ ಬಿಡಲಿ, ಇದೇ ಮಾತನ್ನು ತಿರುಗಿಸಿ ಮುರುಗಿಸಿ ಹೇಳುತ್ತಾರೆ. ಆದರ ಈ ದೇಶದಲ್ಲಿ ದೂರದ ಪರಿಚಯ ಹೇಗೆ ಶುರುವಾಗುತ್ತದೆ ಅಂತ ಅವರು ಹೇಳುವುದಿಲ್ಲ. ಮೊದಲು ಹೆಸರು. ಆಮೇಲೆ ಊರು. ಆಮೇಲೆ "ಅಡ್ಡಹೆಸರೇನು?" ಅಡ್ಡಹೆಸರಿನಿಂದಲೂ ತಿಳಿಯದಿದ್ದರೆ, "ನಿಮ್ಮ ಪೈಕಿ ಹುಬ್ಬಳ್ಳ್ಯಾಗ ಯಾರ‍್ಯಾರು ಅದಾರ?" ಪ್ರಶ್ನೆ ಕೇಳುವವನ ಮುಖದಲ್ಲಿ ನಗು ಇರುತ್ತದೆ. ಉತ್ತರ ಕೇಳಿದ ಮೇಲೆ ಆ ನಗು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನು ನಾವು ಎಣಿಸಿ ನೋಡಿದ್ದೇವೆ.

ನಮ್ಮ ಹೊಟ್ಟೆಯುರಿಯ ಮಾತು ಅನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ಸುಖದೇವ ಥೋರಾಟ್ ಮತ್ತು ಪಾಲ್ ಅಟೆವೆಲ್ ಎಂಬಿಬ್ಬರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದ್ದರು. ವಿದ್ಯಾರ್ಹತೆ ಸರಿಸಮಾನ, ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಮುಂದಿನ ಕರೆ ಬರುವ ಸಂಭವ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಅಲ್ಲಿ ಯಾರೂ ಯಾರ ಮುಖ ನೋಡಿರಲಿಲ್ಲ, ಮಾತು ಕೇಳಿರಲಿಲ್ಲ. ಕೈ ಕುಲುಕುವುದು ಹೇಗೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಹೇಗೆ ಅಂತ ಕಲಿಸುವ ಉಪನ್ಯಾಸ ಈ ಕಾಗದದ ಮುಂದೆ ಏನು ಮಾಡೀತು?

ಇಷ್ಟು ಹೇಳಿ ನಿಲ್ಲಿಸಿದರೆ ಬರೀ ದೂರು ಆಗುತ್ತದೆ. ನಮಗೆ ಕೇಳಬೇಕಾಗಿರುವುದು ಬೇರೆ. ಕಾಲೇಜಿನ ವಯಸ್ಸಿನಲ್ಲಿ ಬೆಳೆಸಿದ ಗೆಳೆತನ ಒಬ್ಬನ ಬಾಳನ್ನೇ ಹೊತ್ತು ನಡೆಸಿದ್ದು ಉಂಟೇ? ಉಂಟು. ಅದು ಯಾರ ಮನೆಯ ಅಟ್ಟದ ಮೇಲೆ, ಯಾರ ಖೋಲಿಯ ನೆಲದ ಮೇಲೆ?

ನಾವಿರುವ ಬೈರಿದೇವರಕೊಪ್ಪ ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ. ಉಣಕಲ್ ದಾಟಿದರೆ ನಮ್ಮ ಸ್ಟಾಪು, ಮುಂದೆ ನವನಗರ, ರಾಯಾಪುರ, ಸತ್ತೂರು, ಆಮೇಲೆ ಧಾರವಾಡ. ಚಿಗರಿ ಬಸ್ಸು ನಡುರಸ್ತೆಯ ತನ್ನದೇ ದಾರಿಯಲ್ಲಿ ಸುಂಯ್ ಅಂತ ಹೋಗುತ್ತದೆ. ಸಾಹಿತ್ಯದ ಹುಚ್ಚಿಗೆ ನಾವು ಅದನ್ನು ಹತ್ತಿ ಧಾರವಾಡಕ್ಕೆ ಹೋಗುತ್ತೇವೆ, ಸಭೆಯ ಹಿಂದಿನ ಸಾಲಿನಲ್ಲಿ ಕೂತು ಬರುತ್ತೇವೆ. ಅಲ್ಲಿ ಯಾರೇ ಮೈಕು ಹಿಡಿದರೂ ಒಂದು ಹೆಸರು ಬಂದೇ ಬರುತ್ತದೆ, ಗೆಳೆಯರ ಗುಂಪು.

1922ರ ಸುಮಾರಿಗೆ ಹುಟ್ಟಿದ ಗುಂಪು ಅದು. ಬೇಂದ್ರೆಯವರಿಗೆ ಆಗ ಇಪ್ಪತ್ತಾರರ ಆಸುಪಾಸು. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ಮುಗಳಿ, ಗೋಕಾಕ ಮೊದಲಾದವರು ಅದರೊಳಗೆ ಬೆಳೆದರು. ಅದೇ ಬಳಗದ ಬೇರಿನಿಂದ 1933ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಚಿಗುರಿತು. ಗ್ರಂಥಮಾಲೆಯ ಅಟ್ಟದ ಮೇಲೆ ಮುಂದೆ ಕೀರ್ತಿನಾಥ ಕುರ್ತಕೋಟಿಯವರು ಕೂತರು. ಇಪ್ಪತ್ತೆರಡು ಇಪ್ಪತ್ತಮೂರರ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಚ್ಚಾದದ್ದು ಅಲ್ಲಿಂದಲೇ. ಅವರ ಪ್ರತಿಭೆ ಬಗ್ಗೆ ನಮಗೆ ತಕರಾರಿಲ್ಲ. ಆದರೆ ಇಪ್ಪತ್ತೆರಡರ ಹುಡುಗನ ಹಸ್ತಪ್ರತಿಯನ್ನು ಕೈಗೆತ್ತಿಕೊಂಡು ಓದುವ ಅಟ್ಟ ಒಂದು ಊರಿನಲ್ಲಿತ್ತು, ಅದರ ಏಣಿ ಎಲ್ಲಿದೆ ಅನ್ನುವುದು ಅವರಿಗೆ ಗೊತ್ತಿತ್ತು. ನವ್ಯರ ಅನಾಥಪ್ರಜ್ಞೆಯ ಬಗ್ಗೆ ನಮ್ಮ ಮೇಷ್ಟ್ರು ವಾರಗಟ್ಟಲೆ ಪಾಠ ಮಾಡಿದರು. ಆ ಒಂಟಿತನಕ್ಕೂ ಒಂದು ಅಟ್ಟ ಇತ್ತು ಅಂತ ಮಾತ್ರ ಹೇಳಲಿಲ್ಲ.

ಬೇಂದ್ರೆಯವರ ವಿಷಯದಲ್ಲಿ ನಾವು ಸುಲಭಕ್ಕೆ ತೀರ್ಪು ಕೊಡಲಾರೆವು. ಅವರು ಬಡವರೇ. 'ನರಬಲಿ' ಎಂಬ ಕವಿತೆಗಾಗಿ 1932ರಲ್ಲಿ ಬ್ರಿಟಿಷರ ಜೈಲು ಕಂಡರು, ನೌಕರಿ ಕಳೆದುಕೊಂಡರು, ಸೊಲ್ಲಾಪುರದ ಕಾಲೇಜಿನಲ್ಲಿ ನೆಲೆ ಸಿಕ್ಕಿದ್ದು 1944ರಲ್ಲಿ. ನಡುವಿನ ಅಷ್ಟು ವರ್ಷ ಒಬ್ಬ ನಿರುದ್ಯೋಗಿ ಕವಿ ಕವಿಯಾಗಿಯೇ ಉಳಿದ. ಗೆಳೆತನ ಅಂದರೆ ಇದು, ವಶೀಲಿ ಅಲ್ಲ, ಒಪ್ಪುತ್ತೇವೆ. ಒಪ್ಪಿದ ಮೇಲೂ ಒಂದು ಪ್ರಶ್ನೆ ಗಂಟಲಲ್ಲಿ ಉಳಿಯುತ್ತದೆ. ಆ ಗುಂಪಿನ ಬಹುಪಾಲು ಜನ ಬ್ರಾಹ್ಮಣ ಮನೆಗಳಿಂದ ಬಂದವರು. ಒಬ್ಬರ ಮನೆಯ ಪಡಸಾಲೆಯಲ್ಲಿ ಇನ್ನೊಬ್ಬರು ಉಂಡರು, ಮಲಗಿದರು, ಕವಿತೆ ಓದಿದರು. ಹೊಲೆಯರ ಹುಡುಗನೊಬ್ಬ ಅದೇ ಧಾರವಾಡದಲ್ಲಿ ಅದೇ ವಯಸ್ಸಿನಲ್ಲಿ ಕವಿತೆ ಬರೆದಿದ್ದರೆ ಯಾವ ಪಡಸಾಲೆಯಲ್ಲಿ ಓದಬೇಕಿತ್ತು?

ಇಲ್ಲಿ ನಮ್ಮ ಸಾಹಿತ್ಯ ಚರಿತ್ರೆಕಾರರು ಕಣ್ಣು ಮುಚ್ಚಿದ ಸಂಗತಿ ಒಂದಿದೆ. ಗೆಳೆಯರ ಗುಂಪು ಹುಟ್ಟಿ ಏಳೆಂಟು ವರ್ಷವೂ ಆಗಿರಲಿಲ್ಲ, ಅದೇ ಧಾರವಾಡದಲ್ಲಿ ಇನ್ನೊಂದು ಗುಂಪಿಗೆ ಜಾಗ ಆಯಿತು. ಅಂಬೇಡ್ಕರರು 1928ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಪಣವೇಲ, ಠಾಣೆ, ನಾಸಿಕ, ಪುಣೆ, ಧಾರವಾಡ, ಈ ಐದು ಕಡೆ ಅಸ್ಪೃಶ್ಯರ ಹುಡುಗರಿಗೆ ಹಾಸ್ಟೆಲ್ ನಡೆಸುವ ಹೊಣೆ ಆ ಸೊಸೈಟಿಯದು. ಮುಂಬಯಿ ಪ್ರಾಂತದ ಕನ್ನಡ ಭಾಗಕ್ಕೆ ಸಿಕ್ಕಿದ್ದು ಧಾರವಾಡ ಒಂದೇ. ಕೊಪ್ಪದಕೇರಿಯ ಬುದ್ಧರಕ್ಖಿತ ಶಾಲೆ ಆ ನೆನಪಿಗೆ ಅಂಟಿಕೊಂಡ ಹೆಸರು. ಸಾಧನಕೇರಿಯ ಮೇಲೆ ಪುಸ್ತಕ, ಭಾಷಣ, ಸಂಸ್ಮರಣೆ ಎಷ್ಟು ಬೇಕಾದಷ್ಟಿವೆ. ಕೊಪ್ಪದಕೇರಿಯಲ್ಲಿ ಒಂದೇ ಲಾಟೀನಿನ ಸುತ್ತ ಕೂತು ಓದಿದ ಮೊದಲ ಹುಡುಗರು ಯಾರು, ಏನಾದರು, ಒಬ್ಬರಿಗೊಬ್ಬರು ಏನು ಬರೆದುಕೊಂಡರು? ನಾವು ಓದಿದ ಯಾವ ಸಾಹಿತ್ಯ ಚರಿತ್ರೆಯಲ್ಲೂ ಅದು ಇರಲಿಲ್ಲ. ಒಂದೇ ಊರು, ಎರಡು ಕೇರಿ, ಎರಡು ಬಳಗ. ಒಂದು ಸಾಹಿತ್ಯ ಆಯಿತು, ಇನ್ನೊಂದು ಸಮಾಜ ಕಲ್ಯಾಣ ಇಲಾಖೆಯ ಫೈಲು ಆಯಿತು.

ಅಂಬೇಡ್ಕರರು ಹಾಸ್ಟೆಲಿಗೇ ಯಾಕೆ ಅಷ್ಟು ಒದ್ದಾಡಿದರು ಅಂತ ತಿಳಿಯಲು ಅವರ ಸ್ವಂತದ ಪರಿಚಯಗಳ ಕಥೆ ನೋಡಬೇಕು. ನೆಟ್‌ವರ್ಕ್ ಅನ್ನುವವರು ಕೇಳಿಸಿಕೊಳ್ಳಲಿ, ಅವರಿಗೂ ನೆಟ್‌ವರ್ಕ್ ಇತ್ತು. ಮುಂಬಯಿಯ ಉದ್ಯಾನದಲ್ಲಿ ಓದುತ್ತ ಕೂತ ಹುಡುಗನನ್ನು ಗುರುತಿಸಿದವರು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮಾಸ್ತರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಚರಿತ್ರೆಯನ್ನು ಕೈಗಿತ್ತವರು, ಮುಂದೆ ಬಡೋದೆಯ ಸಯಾಜಿರಾವ್ ಮಹಾರಾಜರ ಹತ್ತಿರ ಕರೆದೊಯ್ದವರು ಅವರೇ. ಆ ಒಂದು ಪರಿಚಯದಿಂದ ವಿದ್ಯಾರ್ಥಿವೇತನ ಬಂತು, 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಬಾಗಿಲು ತೆರೆಯಿತು. ಅಲ್ಲಿ ನವಲ್ ಭಥೇನಾ ಎಂಬ ಪಾರ್ಸಿ ಗೆಳೆಯ ಸಿಕ್ಕ. ಮುಂದೆ ಲಂಡನ್ನಿನ ಓದು ಮುಗಿಸಲು ಸಾಲ ಕೊಟ್ಟವನು ಅವನು, ಜೀವನಪೂರ್ತಿ ಗೆಳೆಯನಾಗಿ ಉಳಿದವನು ಅವನು. ಟೈ ಕಟ್ಟಿದವರ ಪಾಠದ ಪ್ರಕಾರ ಇದಕ್ಕಿಂತ ಒಳ್ಳೆ ನೆಟ್‌ವರ್ಕ್ ಬೇರೆ ಬೇಕೇ?

ಆದರೆ 1917ರಲ್ಲಿ ನೌಕರಿಗೆ ಅಂತ ಬಡೋದೆಗೆ ಬಂದಿಳಿದಾಗ ಆ ನಗರದಲ್ಲಿ ಅವರಿಗೆ ಮಲಗಲು ಒಂದು ಖೋಲಿ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ತಂಗುಮನೆಯೊಂದರಲ್ಲಿ ಇದ್ದರು. ಗೊತ್ತಾದ ಕೂಡಲೇ ಬಡಿಗೆ ಹಿಡಿದ ಹತ್ತಾರು ಜನ ಬಂದು ಹೊರಗೆ ಹಾಕಿದರು. ಮಹಾರಾಜರ ಪರಿಚಯ ನೌಕರಿ ಕೊಟ್ಟಿತು, ಹಾಸಿಗೆ ಕೊಡಲಿಲ್ಲ. ಕೈ ಹಿಡಿದ ಗೆಳೆಯನೂ ಪಾರ್ಸಿ, ಬಡಿಗೆ ಹಿಡಿದವರೂ ಪಾರ್ಸಿಗಳು. ಒಬ್ಬೊಬ್ಬರ ಒಳ್ಳೆಯತನದ ಮೇಲೆ ಒಂದು ಜನಾಂಗದ ಓದನ್ನು ನಿಲ್ಲಿಸಲಾಗದು ಅನ್ನುವುದು ಆ ಹನ್ನೊಂದು ದಿನದಲ್ಲಿ ಅವರಿಗೆ ಮನವರಿಕೆ ಆಗಿದ್ದಿರಬೇಕು. ಹಾಸ್ಟೆಲು ಅಂದರೆ ಯಾರ ದಯೆಯೂ ಇಲ್ಲದೆ ಹಾಸಿಗೆ ಬಿಚ್ಚುವ ಜಾಗ. ಅಲ್ಲಿ ಅಡ್ಡಹೆಸರು ಕೇಳುವವರಿಲ್ಲ.

ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರೆಲ್ಲ ಅದರ ನಗೆಯನ್ನು ಹೊಗಳುತ್ತಾರೆ. ನಗೆ ಇದೆ ನಿಜ. ನಾವು ಅದನ್ನು ನಮ್ಮ ಖೋಲಿಯಲ್ಲಿ ಜೋರಾಗಿ ಓದಿದಾಗ ನಮಗೆ ಕಂಡ ನಾಯಕ ಮಾತ್ರ ಬೆಂಗಳೂರಿನ ಹಾಸ್ಟೆಲು. ಮಾಗಡಿಯ ಮಂಚನಬೆಲೆಯಿಂದ ಬಂದ ಹುಡುಗ, ದೊಡ್ಡಬಳ್ಳಾಪುರದ ನೇಕಾರರ ಮನೆಯ ಡಿ. ಆರ್. ನಾಗರಾಜ್ ಅವರ ಜೊತೆಗಾರನಾದ. ಇಬ್ಬರೂ 1954ರಲ್ಲಿ ಹುಟ್ಟಿದವರು, ಇಬ್ಬರ ಮನೆಯಲ್ಲೂ ವಶೀಲಿ ಇರಲಿಲ್ಲ. 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಕವಿಗೆ ಇಪ್ಪತ್ತೊಂದು. ಈ ಜೋಡಿಯ ಮಾತುಕತೆಯಿಂದ ಕನ್ನಡ ಕಾವ್ಯಕ್ಕೂ ವಿಮರ್ಶೆಗೂ ಏನು ಬಂತು ಅನ್ನುವುದು ಈ ಪತ್ರಿಕೆ ಓದುವವರಿಗೆ ಹೇಳಬೇಕಾಗಿಲ್ಲ.

ಅದಕ್ಕೂ ಎರಡು ವರ್ಷ ಹಿಂದೆ, 1973ರ ನವೆಂಬರಿನಲ್ಲಿ, ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದರು. ಊರೂರಿನಲ್ಲಿ ಗಲಾಟೆ ಎದ್ದಿತು, ಅವರ ಮಂತ್ರಿಗಿರಿ ಹೋಯಿತು. ಸಾಹಿತ್ಯ ಉಳಿಸುತ್ತೇವೆ ಅಂದವರ ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೈಮೇಲೆ. ಪೆಟ್ಟು ತಿಂದವರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಮೈಸೂರಿನವರು ಬೆಂಗಳೂರಿನವರನ್ನು, ಅವರು ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರನ್ನು. ಅಲ್ಲಿಂದ ದಲಿತ ಸಂಘರ್ಷ ಸಮಿತಿ, ಅಲ್ಲಿಂದ 'ಪಂಚಮ', ಮುಂದೆ 1979ರ ಬಂಡಾಯ ಸಂಘಟನೆ. ತಮಾಷೆ ನೋಡಿ, ದೂರದ ಪರಿಚಯದಿಂದ ನೌಕರಿ ಸಿಗುತ್ತದೆ ಅಂತ ಗ್ರಾನೊವೆಟರ್ ಬರೆದದ್ದೂ 1973ರಲ್ಲೇ. ಅದೇ ವರ್ಷ ಇಲ್ಲಿ ದೂರದೂರದ ಹುಡುಗರು ಪೆಟ್ಟಿನಿಂದ ಪರಿಚಯ ಆದರು.

ಅಂಥ ಬಳಗದ ಬೆಲೆ ಗೊತ್ತಿರುವುದು ನಮಗಿಂತ ಅದನ್ನು ಮುರಿಯುವವರಿಗೆ ಹೆಚ್ಚು. 2015ರ ಡಿಸೆಂಬರಿನಲ್ಲಿ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರಿಗೆ ಕೊಟ್ಟ ಶಿಕ್ಷೆ ಏನು? ಹಾಸ್ಟೆಲಿನಿಂದ ಹೊರಗೆ ಹಾಕಿದ್ದು, ಸಾರ್ವಜನಿಕ ಜಾಗಗಳಲ್ಲಿ ಸೇರದಂತೆ ಮಾಡಿದ್ದು. ಕ್ಲಾಸಿಗೆ ಹೋಗಬಹುದಿತ್ತು, ಜೊತೆ ಕೂಡಬಾರದಿತ್ತು. ಅವರು ಬಯಲಲ್ಲೇ ಡೇರೆ ಹಾಕಿ ವೆಲಿವಾಡ ಅಂತ ಹೆಸರಿಟ್ಟರು, ಅಂದರೆ ಹೊರಗೇರಿ. 2016ರ ಜನವರಿ 17ರಂದು ರೋಹಿತ್ ಹೋದ. ಜೊತೆಯನ್ನು ಕತ್ತರಿಸಿದರೆ ಏನಾಗುತ್ತದೆ ಅಂತ ಗೊತ್ತಿದ್ದೇ ಬಹಿಷ್ಕಾರ ಎಂಬ ಶಿಕ್ಷೆಯನ್ನು ನಮ್ಮ ಊರುಗಳು ಕಂಡುಹಿಡಿದದ್ದು.

ಇನ್ನು ನಮ್ಮ ಬೆನ್ನು ನಾವೇ ನೋಡಿಕೊಳ್ಳುವ ಮಾತು. ಹಾಸ್ಟೆಲಿನ ಬಳಗ ಅಂತ ಎದೆ ತಟ್ಟುತ್ತೇವಲ್ಲ, ಆ ಬಳಗದಲ್ಲಿ ಹುಡುಗಿಯರು ಎಲ್ಲಿದ್ದರು? ರಾತ್ರಿ ಎರಡರತನಕ ಮಾರ್ಕ್ಸ್, ಅಂಬೇಡ್ಕರ್, ಲೋಹಿಯಾ ಅಂತ ನಾವು ಒದರಾಡುವ ಹೊತ್ತಿಗೆ ಅವರ ಹಾಸ್ಟೆಲಿನ ಗೇಟಿಗೆ ಕೀಲಿ ಬಿದ್ದು ಐದಾರು ತಾಸು ಆಗಿರುತ್ತಿತ್ತು. ನಮ್ಮ ಜ್ಞಾನ ಎಲ್ಲ ಅವರ ಕೀಲಿ ಬಿದ್ದ ಮೇಲಿನದು. ಆ ಟೈ ಕಟ್ಟಿದವರು ಕೊಟ್ಟ ಹಾಳೆಯಲ್ಲಿ ತಂದೆಯ ಸ್ನೇಹಿತರು ಅಂತ ಇತ್ತು, ತಾಯಿಯ ಗೆಳತಿಯರು ಅಂತ ಇರಲಿಲ್ಲ. ಅದು ನಮಗೂ ಆಗ ಹೊಳೆಯಲಿಲ್ಲ, ಅದನ್ನೇನು ಹೇಳುವುದು! ನಮ್ಮಲ್ಲಿ ಇಬ್ಬರ ಫೀಸು ತುಂಬಿದ್ದು ಅವ್ವನ ಮಹಿಳಾ ಸಂಘದ ಸಾಲದಿಂದ. ವಾರವಾರ ಕೂಡುವ ಹದಿನೈದು ಹೆಣ್ಣುಮಕ್ಕಳು, ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಹೊರುವ ಹೊಣೆ. ನಮ್ಮ ಪದವಿಯ ಕೆಳಗೆ ಈ ಹದಿನೈದು ಜನರ ಹೆಬ್ಬೆಟ್ಟು ಇವೆ. ಪಟ್ಟಿಯಲ್ಲಿ ಒಬ್ಬಾಕಿಯ ಹೆಸರೂ ಇಲ್ಲ.

ಎರಡನೆಯದು ಎಡ-ಬಲ. ಒಳಮೀಸಲಾತಿಗೆ ದಾರಿ ಮಾಡಿದ ಸುಪ್ರೀಂ ಕೋರ್ಟಿನ ತೀರ್ಪು 2024ರ ಆಗಸ್ಟ್ 1ರಂದು ಬಂತು. ಅವತ್ತು ರಾತ್ರಿ ನಮ್ಮ ಖೋಲಿಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡಲಿಲ್ಲ. ಆರು ವರ್ಷ ಒಂದೇ ತಾಟಿನಲ್ಲಿ ಉಂಡವರು ಅವತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾದಿಗರ ಗೆಳೆಯ ಕೊನೆಗೆ ಕೇಳಿದ: "ಅಷ್ಟೂ ವರ್ಷ ನೋಟಿಫಿಕೇಶನ್ ಸುದ್ದಿ ನಿಮ್ಮ ಪೈಕಿಯವರಿಗೆ ಮೊದಲ ಹೋಗತಿತ್ತಲ್ಲೋ, ನನಗ ಯಾಕ ಕಡೀಕ ಬರತಿತ್ತು?" ಪೈಕಿ! ನಾವು ಬೈಯುವ ಅದೇ ಶಬ್ದ ನಮ್ಮ ಬಾಗಿಲೊಳಗೆ ನಿಂತು ನಮ್ಮನ್ನೇ ಕೇಳಿತು. ಉತ್ತರ ನಮ್ಮ ಬಳಿ ಇರಲಿಲ್ಲ. ಜಗಳ ಎರಡು ತಿಂಗಳು ನಡೆಯಿತು, ಮುಗಿದಿದೆ ಅಂತ ಹೇಳಲಾರೆವು.

ಮೂರನೆಯದನ್ನು ಹೇಳಿದರೆ ಹಿರಿಯರು ಸಿಟ್ಟಾಗುತ್ತಾರೆ, ಆಗಲಿ. ನಮಗಿಂತ ಮೊದಲು ಓದಿ ಸಾಹೇಬರಾದವರು ಏಪ್ರಿಲ್ 14ರಂದು ವೇದಿಕೆಗೆ ಬರುತ್ತಾರೆ, ಏಪ್ರಿಲ್ 15ರಂದು ಫೋನು ಎತ್ತುವುದಿಲ್ಲ. ಊರಿಂದ ಬಂದ ಹುಡುಗ ಕಚೇರಿಯಲ್ಲಿ ಎಲ್ಲರ ಮುಂದೆ "ಕಾಕಾ" ಅಂದುಬಿಟ್ಟಾನು ಅನ್ನುವ ಹೆದರಿಕೆ. ಆ ಹೆದರಿಕೆಯ ಹಿಂದೆ ಎಂಥ ಕಚೇರಿ ಇದೆ, ಎಷ್ಟು ಜನ ಅವರ ಅಡ್ಡಹೆಸರು ಕೇಳಿದ್ದಾರೆ ಅನ್ನುವುದು ನಮಗೆ ತಿಳಿಯದ್ದಲ್ಲ. ತಿಳಿದೂ ಬೈಯುತ್ತೇವೆ.

ಈಗ ನಮ್ಮ ಖೋಲಿಯಲ್ಲಿ ಒಂದು ವಹಿ ಇದೆ. ಎರಡು ನೂರು ಪುಟದ್ದು, ಕಲೆಬಿದ್ದದ್ದು. ಯಾವ ಪರೀಕ್ಷೆಗೆ ಕೊನೆಯ ದಿನ ಯಾವಾಗ, ಯಾರ ಹತ್ತಿರ ಯಾವ ಪುಸ್ತಕ ಇದೆ, ನಾಡಕಚೇರಿಯಲ್ಲಿ ಜಾತಿ-ಆದಾಯದ ಅರ್ಜಿ ಯಾಕೆ ವಾಪಸು ಬರುತ್ತದೆ, ಕಲಿಯಲು ಬಂದ ಯಾರಿಗೆ ಎರಡು ರಾತ್ರಿ ಮಲಗಲು ಜಾಗ ಬೇಕು, ಎಲ್ಲ ಅದರಲ್ಲಿ. ಸುದ್ದಿ ತಿಳಿದವನು ಮೊದಲು ವಹಿಯಲ್ಲಿ ಬರೆಯಬೇಕು, ಆಮೇಲೆ ತನ್ನ ಅರ್ಜಿ ಹಾಕಬೇಕು. ಮಾದಿಗರ ಗೆಳೆಯನ ಪ್ರಶ್ನೆಯಾದ ಮೇಲೆ ಮಾಡಿದ ಕಾನೂನು ಇದು. ಎರಡು ಸಲ ಮುರಿದಿದೆ, ಮುರಿದವರ ಹೆಸರೂ ವಹಿಯಲ್ಲಿದೆ. ಮೊಬೈಲಿನ ಗುಂಪಿನಲ್ಲಿ ಇದೇ ಮಾಡಬಹುದಲ್ಲ ಅನ್ನುತ್ತಾರೆ. ಅಲ್ಲಿ ಗುಡ್ ಮಾರ್ನಿಂಗ್ ಬಹಳ.

ಕಳೆದ ತಿಂಗಳು ಆ ಹಳೆಯ ಹಾಳೆಯನ್ನು ವಹಿಯ ನಡುವೆ ಅಂಟಿಸಿದೆವು. ಅದರಲ್ಲಿ ಆರನೆಯ ಹೆಸರಿನ ಹಮಾಲರು ಮೊನ್ನೆ ಬೈರಿದೇವರಕೊಪ್ಪದ ಸ್ಟಾಪಿನಲ್ಲಿ ಸಿಕ್ಕರು. ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಳ್ಳುತ್ತ, "ತಮ್ಮಾ, ನಮ್ಮ ಹುಡುಗಿ ಪಿಯುಸಿ ಪಾಸಾಗ್ಯಾಳ. ಸ್ಕಾಲರ್‌ಶಿಪ್ ಅರ್ಜಿ ಅಂತ, ಮೊಬೈಲ್‌ದಾಗ ತುಂಬಬೇಕಂತ. ನನಗೇನ ತಿಳೀತೈತಿ?" ಅಂದರು. ಖೋಲಿಗೆ ಕಳಿಸ್ರಿ ಅನ್ನುವ ಮಾತು ಬಾಯಿತನಕ ಬಂದು ನಿಂತಿತು. ಹುಡುಗರ ಖೋಲಿ, ಅವಳು ಹೇಗೆ ಬಂದಾಳು? ಐತವಾರ ನಾವೇ ಅವರ ಮನೆಗೆ ಹೋಗುತ್ತೇವೆ. ಅವಳ ಜೋಡಿ ಇನ್ನೂ ಮೂವರು ಹುಡುಗ್ಯಾರು ಬರತಾರಂತ. ಜಾತಿ-ಆದಾಯದ ಆರ್‌ಡಿ ನಂಬರು, ಮಾರ್ಕ್ಸ್ ಕಾರ್ಡು, ಆಧಾರ ಜೋಡಿಸಿದ ಪಾಸ್‌ಬುಕ್ಕು ತಗೊಂಡು ಕುಂದರ‍್ರಿ ಅಂತ ಹೇಳೀವಿ. ವಹಿ ಒಯ್ಯತೇವಿ.